ಎಲ್ಬೆಯ ದಂಡೆಯಲ್ಲಿ ಕಾರವಾರದವಳು

ಹ್ಯಾಂಬರ್ಗ್ ಜರ್ಮನಿಯ ಅತಿ ದೊಡ್ಡ ಬಂದರು. ಆದರೆ ಅದು ಕಡಲ ದಂಡೆಯ ಊರಲ್ಲ. ಎಲ್ಬೆ ನದಿ ಉತ್ತರ ಸಮುದ್ರವನ್ನು ಸೇರುವುದು ಇಲ್ಲಿಂದ ನೂರು ಕಿಲೋಮೀಟರಿಗೂ ಹೆಚ್ಚು ದೂರದಲ್ಲಿ. ಹಾಗಿದ್ದೂ ಊರಿನ ನಡುವೆ ಹರಿಯುವ ಈ ನದಿ ದಿನಕ್ಕೆ ಎರಡು ಸಲ ಏರುತ್ತದೆ, ಎರಡು ಸಲ ಇಳಿಯುತ್ತದೆ, ಮತ್ತು ಆ ಏರಿಳಿತ ಮೂರೂವರೆ ಮೀಟರನ್ನು ಮೀರುತ್ತದೆ. ಕಾರವಾರದಲ್ಲಿ ಕಡಲನ್ನೇ ನೋಡುತ್ತ ಬೆಳೆದ ನನಗೆ ಕಡಲೇ ಕಾಣದ ಊರಿನಲ್ಲಿ ನಮ್ಮದಕ್ಕಿಂತ ದೊಡ್ಡ ಭರತಿ ಬರುತ್ತದೆ ಎಂಬುದು ಮೊದಮೊದಲು ಒಪ್ಪಿಕೊಳ್ಳಲಾಗದ ಸಂಗತಿಯಾಗಿತ್ತು. ಇಲ್ಲಿನ ಹಾರ್ಬುರ್ಗ್ ಭಾಗದಲ್ಲಿರುವ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಜಲ ಇಂಜಿನಿಯರಿಂಗ್ ಓದುತ್ತಿರುವುದರಿಂದ ಕಾರಣ ಪಾಠದಲ್ಲೇ ಸಿಕ್ಕಿತು. ಒಂದು ಶತಮಾನದ ಹಿಂದೆ ಈ ಏರಿಳಿತ ಸುಮಾರು ಎರಡು ಮೀಟರ್ ಮಾತ್ರ ಇತ್ತು. ದೊಡ್ಡ ಹಡಗುಗಳು ಒಳಬರಲೆಂದು ನದಿಯ ತಳವನ್ನು ಮತ್ತೆ ಮತ್ತೆ ಹೂಳೆತ್ತಿ ಆಳ ಮಾಡಿದರು, ದಂಡೆಯ ತಗ್ಗು ನೆಲಗಳಿಗೆ ಒಡ್ಡು ಹಾಕಿ ನೀರಿಗೆ ಹರಡಿಕೊಳ್ಳುವ ಜಾಗವಿಲ್ಲದಂತೆ ಮಾಡಿದರು. ಕಡಲಿನ ನೀರು ಅಡೆತಡೆಯಿಲ್ಲದೆ ಊರಿನವರೆಗೆ ನುಗ್ಗಿಬರತೊಡಗಿತು. ಬಂದರಿನ ಅನುಕೂಲಕ್ಕೆ ನದಿಯೇ ತನ್ನ ಸ್ವಭಾವ ಬದಲಿಸಿಕೊಂಡಿತು ಎನ್ನಬಹುದು. ನದಿಯ ಪಕ್ಕದಲ್ಲಿ ಬದುಕಿದ ಜನರೂ ಬದಲಾಗಬೇಕಾಯಿತು ಎಂಬುದು ಪಾಠದಲ್ಲಿ ಬರಲಿಲ್ಲ. ಅದನ್ನು ಸೆಪ್ಟೆಂಬರಿನ ಒಂದು ಶನಿವಾರ ಗೆಳೆಯರ ಜೊತೆ ಇಡೀ ದಿನ ದಂಡೆಯುದ್ದಕ್ಕೂ ನಡೆದಾಗ ತಿಳಿದುಕೊಂಡೆ.

ನಾವು ನಾಲ್ವರು. ತಬ್ರೀಜ್ ಊರಿನ ಇರಾನಿ ಗೆಳತಿ, ಚಿಲಿ ದೇಶದ ಒಬ್ಬ ಸಹಪಾಠಿ, ವಿಲ್ಹೆಲ್ಮ್ಸ್‌ಬುರ್ಗ್ ಎಂಬ ನದಿದ್ವೀಪದಲ್ಲೇ ಹುಟ್ಟಿ ಬೆಳೆದ ಜರ್ಮನ್ ಗೆಳತಿ ಮತ್ತು ನಾನು. ದಂಡೆಯನ್ನು ಪೂರ್ವದಿಂದ ಪಶ್ಚಿಮಕ್ಕೆ ನಡೆಯುವುದು, ಸಂಜೆಗೆ ದೋಣಿ ಹತ್ತುವುದು ಎಂದು ಮಾತಾಗಿತ್ತು. 1703ರಿಂದ ನಡೆದುಬಂದಿರುವ ಮೀನುಸಂತೆಯನ್ನು ನೋಡಬೇಕೆಂಬ ಆಸೆ ನನ್ನದು; ಆದರೆ ಅದು ಭಾನುವಾರ ನಸುಕಿನಲ್ಲಿ ಆರಂಭವಾಗಿ ಬೆಳಗಿನ ತಿಂಡಿಯ ಹೊತ್ತಿಗೆ ಮುಗಿದೇ ಹೋಗುತ್ತದೆ. ವಿದ್ಯಾರ್ಥಿಗಳಿಗೆ ಹೇಳಿಸಿದ ಸಂತೆಯಲ್ಲ ಅದು.

ಚಿಲಿಯ ಗೆಳೆಯನ ಹಟಕ್ಕೆ ಮಣಿದು, ನೀರಿನಿಂದ ಒಂದು ಬೀದಿ ಒಳಗಿರುವ ಚಿಲಿಹೌಸ್ ಕಟ್ಟಡದಿಂದಲೇ ಹೊರಟೆವು. 1922ರಿಂದ 1924ರವರೆಗೆ ಕಟ್ಟಿದ ಹತ್ತು ಅಂತಸ್ತಿನ ಇಟ್ಟಿಗೆಯ ಕಟ್ಟಡ ಅದು. ಅದರ ಒಂದು ಮೂಲೆ ಹಡಗಿನ ಮೂತಿಯಂತೆ ಚೂಪಾಗಿ ಬೀದಿಗೆ ಚಾಚಿಕೊಂಡಿದೆ. ಕಟ್ಟಿಸಿದವನು ಚಿಲಿಯ ಅಟಕಾಮಾ ಮರುಭೂಮಿಯಿಂದ ಪೆಟ್ಲುಪ್ಪನ್ನು ತರಿಸಿ ಶ್ರೀಮಂತನಾದ ವ್ಯಾಪಾರಿ. ಗೊಬ್ಬರಕ್ಕೂ ಸಿಡಿಮದ್ದಿಗೂ ಬೇಕಾಗಿದ್ದ ಆ ಉಪ್ಪಿನ ವ್ಯಾಪಾರವನ್ನು ಕೊನೆಗೆ ಮುಳುಗಿಸಿದ್ದೂ ಜರ್ಮನರೇ, ಗಾಳಿಯಲ್ಲಿರುವ ಸಾರಜನಕದಿಂದ ಅಮೋನಿಯಾ ತಯಾರಿಸುವ ವಿಧಾನವನ್ನು ಕಂಡುಹಿಡಿಯುವ ಮೂಲಕ. ಮರುಭೂಮಿಯ ಗಣಿ ಊರುಗಳು ಬರಿದಾದವು. ಅವುಗಳಲ್ಲಿ ಹಂಬರ್‌ಸ್ಟೋನ್ ಮತ್ತು ಸಾಂತಾ ಲೌರಾ ಎಂಬೆರಡು ಪಾಳು ನೆಲೆಗಳನ್ನು 2005ರಲ್ಲಿ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಹತ್ತು ವರ್ಷಗಳ ನಂತರ ಹ್ಯಾಂಬರ್ಗಿನ ಈ ಕಟ್ಟಡವೂ ಪಕ್ಕದ ಉಗ್ರಾಣಗಳ ಸಾಲೂ ಅದೇ ಪಟ್ಟಿಯನ್ನು ಸೇರಿದವು. ಒಂದೇ ವ್ಯಾಪಾರದ ದುಡಿಮೆಯ ತುದಿ ಪಾಳಾಗಿ, ಲಾಭದ ತುದಿ ಅರಮನೆಯಂತಾಗಿ, ಎರಡೂ ಒಂದೇ ಪಟ್ಟಿಯಲ್ಲಿ ಪರಂಪರೆ ಎನಿಸಿಕೊಂಡಿವೆ ಎಂದು ಅವನು ಹೇಳಿದಾಗ, ಅವನ ಹಟಕ್ಕೆ ಗೊಣಗಿದ್ದ ನಾವು ಸುಮ್ಮನಾದೆವು.

ಅಲ್ಲಿಂದ ಕಾಲುವೆ ದಾಟಿ ಉಗ್ರಾಣಗಳ ಕಡೆಗೆ ಹೋಗಲು ಕೋರ್ನ್‌ಹೌಸ್ ಸೇತುವೆ ಇದೆ. ಅದರ ತುದಿಯ ಎರಡೂ ಬದಿಯಲ್ಲಿ ಕಲ್ಲಿನ ಪ್ರತಿಮೆಗಳು ನಿಂತಿವೆ. ಒಂದು ಕೊಲಂಬಸ್‌ನದು, ಇನ್ನೊಂದು ವಾಸ್ಕೋ ಡ ಗಾಮನದು. 1903ರಲ್ಲಿ ಅವನ್ನು ನಿಲ್ಲಿಸಿದವರಿಗೆ ಈ ಇಬ್ಬರೂ ವ್ಯಾಪಾರದ ದಾರಿ ತೆರೆದ ವೀರರು. ನನಗೆ ನೆನಪಾದದ್ದು ಕಾರವಾರದ ಎದುರಿಗಿರುವ ಅಂಜುದೀವ. 1498ರಲ್ಲಿ ಕಲ್ಲಿಕೋಟೆಯಿಂದ ಹಿಂದಿರುಗುವಾಗ ಗಾಮ ತನ್ನ ಹಡಗುಗಳನ್ನು ದಡಕ್ಕೆಳೆದು ರಿಪೇರಿ ಮಾಡಿಸಿಕೊಂಡದ್ದು ಆ ದ್ವೀಪದಲ್ಲಿ. 1505ರಲ್ಲಿ ಪೋರ್ಚುಗೀಸರು ಅಲ್ಲೊಂದು ಕೋಟೆಯನ್ನೂ ಕಟ್ಟಿದರು. ಇಂದು ಅಂಜುದೀವ ಸೀಬರ್ಡ್ ನೌಕಾನೆಲೆಯ ಭಾಗ, ಅಲೆತಡೆಗೋಡೆಯ ಮೂಲಕ ದಡಕ್ಕೆ ಸೇರಿಕೊಂಡಿದೆ. ಆ ನೆಲೆಗೆ 1986ರಲ್ಲಿ ಅಡಿಗಲ್ಲು ಬಿತ್ತು; ಕಾರವಾರ ಮತ್ತು ಅಂಕೋಲಾ ತಾಲೂಕುಗಳ ಹಲವು ಊರುಗಳಿಂದ ಸಾವಿರಾರು ಕುಟುಂಬಗಳು ಮನೆ, ಗದ್ದೆ, ದೋಣಿ ಎಳೆಯುವ ದಡಗಳನ್ನು ಬಿಟ್ಟು ಪುನರ್ವಸತಿ ಕಾಲನಿಗಳಿಗೆ ಹೋದವು. ಅರಗಾದಲ್ಲಿದ್ದ ನನ್ನ ಆಯಿಯ ತವರುಮನೆ ಅವುಗಳಲ್ಲೊಂದು. ಹ್ಯಾಂಬರ್ಗಿನ ಸೇತುವೆಯ ಮೇಲೆ ನಿಂತು ಗಾಮನ ಮುಖ ನೋಡುವಾಗ ಅವನ ಮೇಲೆ ಸಿಟ್ಟು ಬಂತೆಂದು ಹೇಳಿದರೆ ಅದು ನಾಟಕವಾದೀತು. ನಾನು ಯೋಚಿಸಿದ್ದು ಇಷ್ಟೇ: ಅಂಜುದೀವದ ನೆಲವನ್ನು ಮೆಟ್ಟಿದವನ ಪ್ರತಿಮೆಯನ್ನು ಇಷ್ಟು ಹತ್ತಿರದಿಂದ ನೋಡಿದ್ದೇನೆ, ಆದರೆ ಅಂಜುದೀವಕ್ಕೆ ಹೋಗಲು ನನಗೆ ಅನುಮತಿಯಿಲ್ಲ.

ಸೇತುವೆಯ ಆಚೆಗೆ ಇರುವುದೇ ಶ್ಪೈಶರ್‌ಶ್ಟಾಟ್, ಅಂದರೆ ಉಗ್ರಾಣಗಳ ಊರು. ಕೆಂಪು ಇಟ್ಟಿಗೆಯ ಎತ್ತರದ ಗೋಡೆಗಳು, ತಾಮ್ರದ ಹಸಿರು ಮಾಡುಗಳು, ನಡುವೆ ಕಿರಿದಾದ ಕಾಲುವೆಗಳು. ಪ್ರತಿ ಕಟ್ಟಡಕ್ಕೂ ಎರಡು ಮುಖ, ಒಂದು ನೀರಿಗೆ, ಒಂದು ಬೀದಿಗೆ. ಮೇಲ್ತುದಿಯಿಂದ ಚಾಚಿದ ರಾಟೆಗೆ ಹಗ್ಗ ಕಟ್ಟಿ, ಚಪ್ಪಟೆ ದೋಣಿಗಳಲ್ಲಿ ಬಂದ ಮೂಟೆಗಳನ್ನು ನೇರವಾಗಿ ಆಯಾ ಅಂತಸ್ತಿನ ಬಾಗಿಲಿಗೆ ಎತ್ತಿಕೊಳ್ಳುತ್ತಿದ್ದರು. ಮೆದುವಾದ ಜೌಗು ನೆಲದಲ್ಲಿ ಮರದ ಕಂಬಗಳನ್ನು ಹುಗಿದು ಅವುಗಳ ಮೇಲೆ ಇಷ್ಟು ಭಾರವನ್ನು ಹೊರಿಸಿದ್ದಾರೆ. ಕಂಬಗಳು ನೀರಿನಲ್ಲಿ ಮುಳುಗಿಯೇ ಇರುವವರೆಗೆ ಕೊಳೆಯುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹ್ಯಾಂಬರ್ಗ್ ಜರ್ಮನಿಯ ಸುಂಕದ ವ್ಯವಸ್ಥೆಗೆ ಸೇರಲು ಒಪ್ಪಿದಾಗ ಅದಕ್ಕೆ ಬದಲಾಗಿ ಸುಂಕವಿಲ್ಲದೆ ಸರಕು ಇಟ್ಟುಕೊಳ್ಳಬಹುದಾದ ಒಂದು ಮುಕ್ತ ಬಂದರು ಅದಕ್ಕೆ ದೊರಕಿತು. ಅದಕ್ಕಾಗಿ 1883ರಲ್ಲಿ ಕೆಲಸ ಆರಂಭಿಸಿ 1888ರಲ್ಲಿ ಚಕ್ರವರ್ತಿಯ ಕೈಯಿಂದ ಉದ್ಘಾಟನೆ ಮಾಡಿಸಿದರು.

ಆದರೆ 1883ಕ್ಕೆ ಮೊದಲು ಈ ಜಾಗ ಖಾಲಿ ಇರಲಿಲ್ಲ. ಕೆರ್‌ವೀಡರ್ ಮತ್ತು ವಾಂಡ್‌ರಾಮ್ ಎಂಬ ಕೇರಿಗಳು ಇಲ್ಲಿದ್ದವು. ಬಂದರಿನ ಕೂಲಿಗಳೂ ಕುಶಲಕರ್ಮಿಗಳೂ ಒಂದು ಕಡೆ, ಹಳೆಯ ವ್ಯಾಪಾರಿ ಮನೆತನಗಳು ಇನ್ನೊಂದು ಕಡೆ. ಸುಮಾರು ಇಪ್ಪತ್ತು ಸಾವಿರ ಜನರನ್ನು ಎಬ್ಬಿಸಿ ಸಾವಿರಕ್ಕೂ ಹೆಚ್ಚು ಮನೆಗಳನ್ನು ಕೆಡವಿದರು. ಉಳ್ಳವರು ಹೊಸ ಬಡಾವಣೆಗಳಿಗೆ ಹೋದರು. ದಿನಗೂಲಿಗೆ ಬಂದರಿನ ಹತ್ತಿರವೇ ಇರಬೇಕಾಗಿದ್ದವರು ಮೊದಲೇ ಕಿಕ್ಕಿರಿದಿದ್ದ ಓಣಿಗಳಲ್ಲಿ ಇನ್ನಷ್ಟು ಒತ್ತಿಕೊಂಡು ಬದುಕಿದರು. 1892ರಲ್ಲಿ ಹ್ಯಾಂಬರ್ಗಿಗೆ ಕಾಲರಾ ಬಂದು ಎಂಟು ಸಾವಿರಕ್ಕೂ ಹೆಚ್ಚು ಜನ ಸತ್ತರು. ಸೋಸದ ಎಲ್ಬೆಯ ನೀರನ್ನೇ ಊರಿಗೆ ಕುಡಿಯಲು ಕೊಟ್ಟದ್ದು ಮುಖ್ಯ ಕಾರಣವಾದರೂ, ರೋಗ ಅತಿ ಹೆಚ್ಚು ಬಲಿ ತೆಗೆದುಕೊಂಡದ್ದು ಬಡವರ ಕೇರಿಗಳಲ್ಲಿ. ಇವನ್ನೆಲ್ಲ ಹೇಳಿದವಳು ಜರ್ಮನ್ ಗೆಳತಿ. ಅವಳು ಹೇಳುತ್ತಿದ್ದ ಹೊತ್ತಿಗೆ ನಮ್ಮ ಪಕ್ಕದಲ್ಲಿ ಮದುವೆಯ ಜೋಡಿಯೊಂದು ಕಾಲುವೆಯ ಹಿನ್ನೆಲೆಯಲ್ಲಿ ಫೋಟೊ ತೆಗೆಸಿಕೊಳ್ಳುತ್ತಿತ್ತು. ಅವರ ಮೇಲೆ ನನ್ನ ದೂರಿಲ್ಲ. ನಾವೂ ಅಲ್ಲಿಯೇ ಫೋಟೊ ತೆಗೆಸಿಕೊಂಡೆವು.

ಈ ಉಗ್ರಾಣಗಳು ಇಂದು ಇಷ್ಟು ಚೆಂದ ಕಾಣುವುದಕ್ಕೆ ಕಾರಣ ಅವುಗಳಿಗೆ ಕೆಲಸವಿಲ್ಲದಿರುವುದು. ಕಂಟೇನರ್ ಬಂದಮೇಲೆ ಮೂಟೆ ಹೊರುವವರೂ, ಮೂಟೆಗಳನ್ನು ಅಂತಸ್ತಿನಿಂದ ಅಂತಸ್ತಿಗೆ ಎತ್ತುವ ರಾಟೆಗಳೂ ಬೇಡವಾದವು. ದೊಡ್ಡ ಹಡಗುಗಳು ನದಿಯ ದಕ್ಷಿಣ ದಂಡೆಗೆ ಹೋದವು. ಉಗ್ರಾಣಗಳ ಪ್ರದೇಶವನ್ನು 2003ರಲ್ಲಿ ಮುಕ್ತ ಬಂದರಿನಿಂದ ಹೊರಗಿಟ್ಟರು; 2013ರ ಹೊಸವರ್ಷದಿಂದ ಮುಕ್ತ ಬಂದರೇ ಇಲ್ಲವಾಯಿತು. ಈಗ ಇಲ್ಲಿರುವುದು ಕಚೇರಿಗಳು, ವಸ್ತುಸಂಗ್ರಹಾಲಯಗಳು, ಪುಟ್ಟ ರೈಲುಗಳ ಒಂದು ಪ್ರಖ್ಯಾತ ಪ್ರದರ್ಶನ. ದಕ್ಕೆ ಎಂದರೆ ಮೀನಿನ ನಾತ, ಮಂಜುಗಡ್ಡೆ ಒಡೆಯುವ ಸದ್ದು, ಹರಾಜಿನ ಕೂಗು, ಕಾಲಿಟ್ಟಲ್ಲಿ ಜಾರುವ ನೆಲ ಎಂದೇ ಕಾರವಾರದ ಮೀನುಗಾರಿಕೆ ಬಂದರಾದ ಬೈತಖೋಲದಲ್ಲಿ ಕಲಿತವಳು ನಾನು. ಅಲ್ಲಿ ಯಾರೂ ನೋಟ ನೋಡಲು ಬರುವುದಿಲ್ಲ. ಮೊದಲು ವಾಸವಿದ್ದವರನ್ನು ಕೆಲಸಕ್ಕಾಗಿ ಎಬ್ಬಿಸುವುದು, ಆಮೇಲೆ ಕೆಲಸವನ್ನೂ ಬೇರೆಡೆಗೆ ಸಾಗಿಸುವುದು, ಉಳಿದ ಕಟ್ಟಡವನ್ನು ನೋಟಕ್ಕೆ ತೆರೆಯುವುದು. ಯುರೋಪಿನ ಅನೇಕ ಬಂದರುಗಳ ದಂಡೆ ಸುಂದರವಾದದ್ದು ಇದೇ ಕ್ರಮದಲ್ಲಿ ಎಂದು ನನಗೆ ಅನ್ನಿಸುತ್ತದೆ.

ಪೂರ್ತಿಯಾಗಿ ಹೋಗದೆ ಉಳಿದ ವ್ಯಾಪಾರಗಳೂ ಇವೆ. ರತ್ನಗಂಬಳಿಯ ಗೋದಾಮುಗಳು ಈಗಲೂ ಇಲ್ಲಿ ಕೆಲವಿವೆ. ಒಂದು ಕಾಲಕ್ಕೆ ಪೂರ್ವದೇಶಗಳ ರತ್ನಗಂಬಳಿಗಳ ದಾಸ್ತಾನಿಗೆ ಜಗತ್ತಿನಲ್ಲೇ ಹೆಸರಾದ ಜಾಗ ಇದು, ಅದನ್ನು ನಡೆಸಿದವರಲ್ಲಿ ಇರಾನಿನಿಂದ ಬಂದು ನೆಲೆಸಿದ ವ್ಯಾಪಾರಿಗಳು ಬಹಳ. ತಬ್ರೀಜ್‌ನ ಗೆಳತಿ ಒಂದು ಗೋದಾಮಿನ ಬಾಗಿಲಲ್ಲಿ ಮುದುಕರೊಬ್ಬರೊಂದಿಗೆ ಮಾತಿಗೆ ನಿಂತವಳು ಅರ್ಧ ಗಂಟೆ ಹೊರಡಲಿಲ್ಲ. ನಾವು ಮೂವರು ಕಾಫಿ ಹುರಿಯುವ ಅಂಗಡಿಯೊಂದಕ್ಕೆ ಹೋದೆವು. ಕಪ್ಪುಹಲಗೆಯ ಮೇಲೆ ‘ಮಾನ್ಸೂನ್ಡ್ ಮಲಬಾರ್’ ಎಂಬ ಹೆಸರು ಕಂಡಾಗ ನನಗಾದ ಖುಷಿಯನ್ನು ಗೆಳೆಯರಿಗೆ ವಿವರಿಸಬೇಕಾಯಿತು. ಹಾಯಿಹಡಗಿನ ಕಾಲದಲ್ಲಿ ನಮ್ಮ ಪಶ್ಚಿಮ ಕರಾವಳಿಯಿಂದ ಯುರೋಪಿಗೆ ಹೊರಟ ಕಾಫಿ ಬೀಜ ತಿಂಗಳುಗಟ್ಟಲೆ ಕಡಲಿನ ತೇವಕ್ಕೆ ಉಬ್ಬಿ, ಹಸಿರು ಹೋಗಿ ಹಳದಿಯಾಗಿ, ಹುಳಿ ಕಳೆದುಕೊಂಡು ಇಲ್ಲಿಗೆ ತಲುಪುತ್ತಿತ್ತು. ಉಗಿಹಡಗು ಬಂದು ಪ್ರಯಾಣ ಚಿಕ್ಕದಾದಾಗ ಬೀಜ ಕೆಡದೆ ಬಂತು, ಆದರೆ ಯುರೋಪಿನ ನಾಲಿಗೆ ಹಳೆಯ ರುಚಿಯನ್ನೇ ಕೇಳಿತು. ಹಾಗಾಗಿ ಮಂಗಳೂರಿನಂಥ ಕಡೆ ಕಾಫಿ ಕ್ಯೂರಿಂಗ್ ಮಾಡುವವರು ಮಳೆಗಾಲದುದ್ದಕ್ಕೂ ಬೀಜವನ್ನು ಗೋದಾಮಿನಲ್ಲಿ ಹರಡಿ, ಕಡಲ ಗಾಳಿಗೆ ಒಡ್ಡಿ, ಕೈಯಾಡಿಸಿ, ಆ ಹಳೆಯ ಪ್ರಯಾಣವನ್ನೇ ನೆಲದ ಮೇಲೆ ಮಾಡಿಸುತ್ತಾರೆ. ಕಾಫಿ ಚೆನ್ನಾಗಿತ್ತು. ಹಾಲಿಲ್ಲದೆ ಕುಡಿಯಬೇಕೆಂದು ಅಂಗಡಿಯವರು ಹೇಳಿದರು. ನಾನು ಹಾಲು ಹಾಕಿಸಿಕೊಂಡೆ.

ಉಗ್ರಾಣಗಳ ದಕ್ಷಿಣಕ್ಕೆ ಹಾಫೆನ್‌ಸಿಟಿ ಎಂಬ ಹೊಸ ಪಟ್ಟಣಭಾಗ ಎದ್ದಿದೆ. ಅಲ್ಲಿಯೂ ಗಾಮನ ಹೆಸರಿನ ಚೌಕವಿದೆ, ಮೆಗೆಲನ್ ಮತ್ತು ಮಾರ್ಕೊ ಪೋಲೋ ಹೆಸರಿನ ಮೆಟ್ಟಿಲುಗಳಿವೆ. ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಬೇರೆ ಹೆಸರುಗಳು ತೋಚಲಿಲ್ಲವೇ ಎಂದು ಇಲ್ಲಿನವರೇ ಆಕ್ಷೇಪಿಸಿದ್ದಾರೆ. ಆ ಭಾಗದ ಪೂರ್ವದಲ್ಲಿ ಲೋಜೆಪಾರ್ಕ್ ಎಂಬ ಉದ್ಯಾನವಿದೆ. ಹಿಂದೆ ಅಲ್ಲಿ ಹನೋವರ್ ನಿಲ್ದಾಣವಿತ್ತು. 1940ರಿಂದ 1945ರವರೆಗೆ ಎಂಟು ಸಾವಿರಕ್ಕೂ ಹೆಚ್ಚು ಯಹೂದಿಗಳನ್ನು, ಸಿಂಟಿ ಮತ್ತು ರೋಮಾ ಜನರನ್ನು ಅಲ್ಲಿಂದ ರೈಲು ಹತ್ತಿಸಿ ಸಾವಿನ ಶಿಬಿರಗಳಿಗೂ ಗೆಟ್ಟೊಗಳಿಗೂ ಕಳಿಸಿದರು. 2017ರಲ್ಲಿ ತೆರೆದ ಸ್ಮಾರಕದಲ್ಲಿ ಅವರ ಹೆಸರುಗಳನ್ನು ಬರೆದಿದ್ದಾರೆ. ಇದನ್ನು ಈ ಬರಹದ ಬೇರೆ ಸ್ಥಳಾಂತರಗಳ ಸಾಲಿಗೆ ಸೇರಿಸಬಾರದು, ಸೇರಿಸುವುದಿಲ್ಲ. ನಾವು ಅಲ್ಲಿ ಹೆಸರುಗಳನ್ನು ಓದಿದೆವು, ಮಾತಾಡಲಿಲ್ಲ.

ಹಾಫೆನ್‌ಸಿಟಿಯ ಪಶ್ಚಿಮ ತುದಿಯಲ್ಲಿರುವ ಎಲ್ಬ್‌ಫಿಲ್ಹಾರ್ಮೊನಿ ಸಂಗೀತ ಸಭಾಂಗಣದ ಬಗ್ಗೆ ಹೆಚ್ಚು ಬರೆಯಲಾರೆ, ಎಲ್ಲರೂ ಬರೆದಿದ್ದಾರೆ. ಕೋಕೋ, ಚಹಾ, ತಂಬಾಕು ತುಂಬುತ್ತಿದ್ದ ಇಟ್ಟಿಗೆಯ ಗೋದಾಮಿನ ತಲೆಯ ಮೇಲೆ ಗಾಜಿನ ಅಲೆಯೊಂದನ್ನು ಕೂರಿಸಿದ ಹಾಗಿದೆ. 7.7 ಕೋಟಿ ಯೂರೋ ಎಂದುಕೊಂಡಿದ್ದ ಸರ್ಕಾರಿ ಖರ್ಚು 78.9 ಕೋಟಿಗೆ ಏರಿ, 2017ರ ಜನವರಿಯಲ್ಲಿ ಅದು ತೆರೆಯಿತು. ಜರ್ಮನರ ಕಾಮಗಾರಿಗಳೆಲ್ಲ ಹೇಳಿದ ದಿನಕ್ಕೆ, ಹೇಳಿದ ದುಡ್ಡಿಗೆ ಮುಗಿಯುತ್ತವೆ ಎಂದು ನಂಬಿರುವ ನನ್ನ ಊರಿನ ಬಂಧುಗಳಿಗಾಗಿ ಈ ಅಂಕಿಗಳನ್ನು ಕೊಡುತ್ತಿದ್ದೇನೆ.

37 ಮೀಟರ್ ಎತ್ತರದ ಅದರ ಜಗಲಿಯಿಂದ ದಕ್ಷಿಣಕ್ಕೆ ಕೈ ತೋರಿ ಜರ್ಮನ್ ಗೆಳತಿ ತನ್ನ ವಿಲ್ಹೆಲ್ಮ್ಸ್‌ಬುರ್ಗನ್ನು ಗುರುತಿಸಿದಳು. ನಮ್ಮ ಕಡೆಯ ಗಜನಿ ಗದ್ದೆಗಳಂತೆ ಅದೂ ಒಡ್ಡು ಕಟ್ಟಿ ನೀರಿನಿಂದ ಬಿಡಿಸಿಕೊಂಡ ತಗ್ಗು ನೆಲ. ವ್ಯತ್ಯಾಸವೆಂದರೆ ಗಜನಿಯೊಳಗೆ ಯಾರೂ ಮನೆ ಕಟ್ಟುವುದಿಲ್ಲ. 1962ರ ಫೆಬ್ರವರಿ 16ರ ರಾತ್ರಿ ಉತ್ತರ ಸಮುದ್ರದ ಬಿರುಗಾಳಿ ನೀರನ್ನು ಎಲ್ಬೆಯೊಳಕ್ಕೆ ತಳ್ಳಿ, ಒಡ್ಡುಗಳು ಅನೇಕ ಕಡೆ ಒಡೆದು, ಹ್ಯಾಂಬರ್ಗಿನಲ್ಲಿ 315 ಜನ ಸತ್ತರು. ಅವರಲ್ಲಿ ಹೆಚ್ಚಿನವರು ವಿಲ್ಹೆಲ್ಮ್ಸ್‌ಬುರ್ಗಿನವರು. ಯುದ್ಧದಲ್ಲಿ ಮನೆ ಕಳೆದುಕೊಂಡು ಒಡ್ಡಿನ ಬುಡದ ತೋಟಗಳಲ್ಲಿ ಗುಡಿಸಲು ಹಾಕಿಕೊಂಡಿದ್ದವರು ನಿದ್ದೆಯಲ್ಲೇ ಹೋದರು. ಆ ಹೊತ್ತಿನಲ್ಲಿ ನಗರದ ಪೊಲೀಸ್ ಇಲಾಖೆಯ ಹೊಣೆ ಹೊತ್ತಿದ್ದ ಹೆಲ್ಮುಟ್ ಶ್ಮಿಟ್, ಕಾನೂನಿನ ಅಧಿಕಾರಕ್ಕೆ ಕಾಯದೆ ಸೈನ್ಯವನ್ನು ಕರೆಸಿಕೊಂಡದ್ದೂ, ಮುಂದೆ ದೇಶದ ಚಾನ್ಸಲರ್ ಆದದ್ದೂ ಇಲ್ಲಿ ಎಲ್ಲರಿಗೂ ಗೊತ್ತು. ಗೆಳತಿಯ ಅಜ್ಜಿ ಆ ರಾತ್ರಿಯನ್ನು ನೆರೆಯವರ ಅಟ್ಟದಲ್ಲಿ ಕಳೆದಿದ್ದರಂತೆ. ಇಂದು ಹಾಫೆನ್‌ಸಿಟಿಯ ಕಟ್ಟಡಗಳನ್ನು ಸಮುದ್ರಮಟ್ಟಕ್ಕಿಂತ ಸುಮಾರು ಎಂಟು ಮೀಟರ್ ಮೇಲಿರುವ ದಿಬ್ಬದ ನೆಲದ ಮೇಲೆ ಎಬ್ಬಿಸಿದ್ದಾರೆ. ನೀರು ಬಂದರೆ ಕೆಳಗಿನ ದಾರಿಗಳು ಮುಳುಗುತ್ತವೆ, ಮನೆಗಳು ಮುಳುಗುವುದಿಲ್ಲ. ಪಾಠ ಕಲಿತವರ ಕೆಲಸವಿದು, ನನ್ನ ಓದಿನ ದೃಷ್ಟಿಯಿಂದ ಇದಕ್ಕೆ ಪೂರ್ಣ ಅಂಕ ಕೊಡುತ್ತೇನೆ. ಆದರೆ ಆ ಎತ್ತರದ ಮನೆಗಳ ಬಾಡಿಗೆಯೂ ಅಷ್ಟೇ ಎತ್ತರ.

ಮಧ್ಯಾಹ್ನ ಲಾಂಡುಂಗ್ಸ್‌ಬ್ರ್ಯೂಕೆನ್ ಎಂಬ ತೇಲು ದಕ್ಕೆಯಲ್ಲಿ ಬನ್ನಿನೊಳಗೆ ಉಪ್ಪು ಹಾಕಿ ಹದಗೊಳಿಸಿದ ಹೆರಿಂಗ್ ಮೀನು ಮತ್ತು ಹಸಿ ಈರುಳ್ಳಿ ಇಟ್ಟು ಕೊಡುವುದನ್ನು ತಿಂದೆವು. ಬೇಯಿಸದ ಮೀನನ್ನು ಆಯಿ ನೋಡಿದ್ದರೆ ಏನೆನ್ನುತ್ತಿದ್ದಳೋ. ಒಣಮೀನು ತಿಂದು ಬೆಳೆದ ನನಗಂತೂ ಉಪ್ಪು ಹಿತವಾಗಿಯೇ ಇತ್ತು, ಖಾರ ಒಂದು ಇದ್ದಿದ್ದರೆ.

ಅಲ್ಲಿಂದ ಕೆಲವೇ ಹೆಜ್ಜೆ ದೂರದ ಗುಮ್ಮಟದೊಳಗೆ 1911ರಲ್ಲಿ ತೆರೆದ ಹಳೆಯ ಎಲ್ಬೆ ಸುರಂಗದ ಬಾಯಿದೆ. ದಿನದ ಅತ್ಯುತ್ತಮ ಭಾಗ ನನಗೆ ಅದೇ. ಲಿಫ್ಟಿನಲ್ಲಿ 24 ಮೀಟರ್ ಕೆಳಗಿಳಿದರೆ, ನದಿಯಡಿಯಲ್ಲಿ 426 ಮೀಟರ್ ಉದ್ದಕ್ಕೆ ಬಿಳಿ ಹೆಂಚು ಹೊದಿಸಿದ ಎರಡು ಕೊಳವೆಗಳು. ಗೋಡೆಯಲ್ಲಿ ಅಲ್ಲಲ್ಲಿ ಸುಟ್ಟಮಣ್ಣಿನ ಉಬ್ಬುಚಿತ್ರಗಳಿವೆ: ಮೀನು, ಏಡಿ, ಅವುಗಳ ನಡುವೆ ಇಲಿಗಳು ಮತ್ತು ಯಾರೋ ಎಸೆದ ಹಳೆಯ ಬೂಟು. ಎಲ್ಬೆಯೊಳಗೆ ನಿಜಕ್ಕೂ ಏನಿತ್ತೋ ಅದನ್ನೇ ಮಾಡಿದ ಕಲಾವಿದನ ಪ್ರಾಮಾಣಿಕತೆ ನನಗೆ ಹಿಡಿಸಿತು. ಈ ಸುರಂಗವನ್ನು ಕಟ್ಟಿದ್ದು ನೋಟಕ್ಕಲ್ಲ. ಉತ್ತರ ದಂಡೆಯಲ್ಲಿ ವಾಸವಿದ್ದ ಸಾವಿರಾರು ಕೆಲಸಗಾರರು ದಕ್ಷಿಣ ದಂಡೆಯ ಹಡಗುಕಟ್ಟೆಗಳಿಗೆ ಹೋಗಿ ಬರಲು. ಅಗೆಯುವಾಗ ನೀರು ಒಳನುಗ್ಗದಂತೆ ಒತ್ತಡದ ಗಾಳಿಯನ್ನು ತುಂಬುತ್ತಿದ್ದರು. ಅಲ್ಲಿ ದುಡಿದು ಹೊರಬರುವವರ ರಕ್ತದಲ್ಲಿ ಸಾರಜನಕದ ಗುಳ್ಳೆಗಳೆದ್ದು ನೂರಾರು ಜನ ಕಾಯಿಲೆಬಿದ್ದರು, ಕೆಲವರು ಸತ್ತರು. ಅವರ ಮಟ್ಟಿಗೆ ಈ ದಂಡೆ ಎಂದರೆ ಇದೇ ಕೊಳವೆ, ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ. ಕಾಲ್ನಡಿಗೆಯವರಿಗೆ ಇಂದಿಗೂ ಶುಲ್ಕವಿಲ್ಲ.

ಸಂಜೆ 62ನೇ ಸಂಖ್ಯೆಯ ದೋಣಿ ಹತ್ತಿದೆವು. ಊರಿನ ಬಸ್ಸು, ರೈಲಿನ ಟಿಕೆಟ್ಟೇ ಅದಕ್ಕೂ ನಡೆಯುತ್ತದೆಯಾದ್ದರಿಂದ ವಿದ್ಯಾರ್ಥಿಗಳ ಪಾಲಿಗೆ ಇದೇ ನೌಕಾವಿಹಾರ. ಓಫೆಲ್‌ಗ್ಯೋನೆಯ ಮರಳಿನ ದಡದಲ್ಲಿ ಇಳಿದು ಸ್ವಲ್ಪ ನಡೆದರೆ 217 ಟನ್ ತೂಕದ ಒಂದು ಬಂಡೆ ಇದೆ. ಹಿಮಯುಗದಲ್ಲಿ ನೀರ್ಗಲ್ಲು ಸ್ವೀಡನ್ನಿನಿಂದ ಹೊತ್ತು ತಂದ ಅದು 1999ರಲ್ಲಿ ನದಿಯ ಹೂಳೆತ್ತುವಾಗ ಸಿಕ್ಕಿತು. ಮರುವರ್ಷ ಸಮಾರಂಭ ಮಾಡಿ ಅದಕ್ಕೆ ಹೆಸರಿಟ್ಟು ಹ್ಯಾಂಬರ್ಗಿನ ನಾಗರಿಕತ್ವವನ್ನೂ ಕೊಟ್ಟರು. ವಾಸದ ಪರವಾನಗಿ ಮುಗಿಯುವ ದಿನಾಂಕವನ್ನು ಸದಾ ತಲೆಯಲ್ಲಿಟ್ಟುಕೊಂಡು ಬದುಕುವ ನಾವು ಮೂವರು ಬಂಡೆಯನ್ನು ಸಾಕಷ್ಟು ಅಸೂಯೆಯಿಂದ ನೋಡಿದೆವು.

ಎದುರು ದಂಡೆಯಲ್ಲಿ ಕಂಟೇನರ್ ಕ್ರೇನುಗಳು ಕೆಲಸ ಮಾಡುತ್ತಿದ್ದವು. ಕೆಲಸ ಹೋದದ್ದು ಎಲ್ಲಿಗೆ ಎಂದು ಬೆಳಿಗ್ಗೆ ಕೇಳಿದ್ದರೆ ಉತ್ತರ ಇದೇ. ಅದರಾಚೆ ಆಲ್ಟೆನ್‌ವೆರ್ಡರ್ ಎಂಬ ಮೀನುಗಾರರ ಹಳ್ಳಿಯೊಂದಿತ್ತು ಎಂದು ಜರ್ಮನ್ ಗೆಳತಿ ಹೇಳಿದಳು. ಬಂದರಿನ ವಿಸ್ತರಣೆಗೆ ಹಳ್ಳಿಯನ್ನು ಕೊಂಡು, ಕೆಡವಿ, ಕೊನೆಯವರನ್ನು ತೊಂಬತ್ತರ ದಶಕದ ಅಂತ್ಯದಲ್ಲಿ ಕಳಿಸಿ, 2002ರಲ್ಲಿ ಅಲ್ಲೊಂದು ಟರ್ಮಿನಲ್ ತೆರೆದರು. ಅಲ್ಲಿ ಕಂಟೇನರ್ ಸಾಗಿಸುವ ಬಂಡಿಗಳಿಗೆ ಚಾಲಕರೂ ಇಲ್ಲ. ಉಳಿದದ್ದು ಸಂತ ಗೆರ್ಟ್ರೂಡ್ ಚರ್ಚು ಮತ್ತು ಅದರ ಸ್ಮಶಾನ. ಈಗಲೂ ಅಲ್ಲಿ ಆರಾಧನೆ ನಡೆಯುತ್ತದೆ, ಹಳೆಯ ಊರಿನವರು ಬರುತ್ತಾರೆ. ನಿಮ್ಮ ಅರಗಾದಲ್ಲಿ ಅಂಥದ್ದೇನಿದೆ ಎಂದು ಅವಳು ನನ್ನನ್ನು ಕೇಳಿದಳು.

ಕಾರವಾರದ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪಲ್ ಎಂಬ ಯುದ್ಧನೌಕೆಯನ್ನು ದಡಕ್ಕೆ ತಂದು ಸಂಗ್ರಹಾಲಯ ಮಾಡಿದ್ದಾರೆ, ಶಾಲೆಯ ಪ್ರವಾಸದಲ್ಲಿ ಅದರೊಳಗೆ ಹೋಗಿದ್ದೆ ಎಂದೆ. ನೌಕಾನೆಲೆಗೆ ನೆಲ ಬಿಟ್ಟುಕೊಟ್ಟ ಊರುಗಳ ಹೆಸರು ಬರೆದ ಹಲಗೆಯೊಂದನ್ನು ಆ ದಡದಲ್ಲಿ ನಾನು ಕಂಡಿಲ್ಲ. ಹಲಗೆಯಿಂದ ಯಾರಿಗೇನು ಬಂತು, ಪರಿಹಾರ ಸಿಕ್ಕಿತೇ ಎಂಬುದಲ್ಲವೇ ಪ್ರಶ್ನೆ ಎಂದಳು ಇರಾನಿನ ಗೆಳತಿ. ಪರಿಹಾರಕ್ಕಾಗಿ ವರ್ಷಗಟ್ಟಲೆ ಕೋರ್ಟಿಗೆ ಅಲೆದ ನನ್ನ ಸೋದರಮಾವನೂ ಇದೇ ಮಾತು ಹೇಳುತ್ತಾನೆ. ಚಿಲಿಯವನು ಒಪ್ಪಲಿಲ್ಲ, ಹೆಸರು ಎಲ್ಲಿಯೂ ಉಳಿಯದಿದ್ದರೆ ಮುಂದೆ ಪರಿಹಾರ ಕೇಳಲು ಹಿಂದೆ ಒಂದು ಊರು ಇತ್ತೆಂಬುದನ್ನೇ ಮೊದಲು ಸಾಬೀತು ಮಾಡಬೇಕಾಗುತ್ತದೆ ಎಂದು ವಾದಿಸಿದ. ದೋಣಿಯಲ್ಲಿ ಹಿಂದಿರುಗುವವರೆಗೂ ಈ ಜಗಳ ನಡೆಯಿತು, ಇತ್ಯರ್ಥವಾಗಲಿಲ್ಲ. ನನ್ನ ಮನಸ್ಸು ಚಿಲಿಯವನ ಕಡೆಗೆ ವಾಲಿತು.

ಅಂದಿನಿಂದ ವಾರಕ್ಕೊಮ್ಮೆ ಆಯಿಗೆ ಫೋನ್ ಮಾಡುವಾಗ ಅರಗಾದ ಅವಳ ಕೇರಿಯ ಮನೆಗಳನ್ನು ಒಂದೊಂದಾಗಿ ಕೇಳಿ ಬರೆದುಕೊಳ್ಳುತ್ತಿದ್ದೇನೆ, ಯಾರ ಅಂಗಳದಲ್ಲಿ ಯಾವ ಮರ, ಯಾರ ದೋಣಿ ಎಲ್ಲಿ ನಿಲ್ಲುತ್ತಿತ್ತು ಎಂಬುದರ ಸಮೇತ. ನಕ್ಷೆ ಅರ್ಧ ತುಂಬಿದೆ. ಬಾವಿಯಿಂದ ಉತ್ತರಕ್ಕಿದ್ದ ಮನೆ ಯಾರದೆಂಬ ವಿಷಯದಲ್ಲಿ ಆಯಿಗೂ ಸೋದರಮಾವನಿಗೂ ಇನ್ನೂ ಒಮ್ಮತವಾಗಿಲ್ಲ.